ತವರಿನ ಚೌಕಕ್ಕೆ ಬಿಟ್ಟ ಬಾಣ

ಫ್ಲೋಚಾರ್ಟ್ ಎಂದರೆ ನನಗೆ ಪ್ರಾಣ. ಯಾವ ಕೆಲಸವೇ ಆಗಲಿ, ಚೌಕಗಳಲ್ಲಿ ತುಂಬಿ ನಡುವೆ ಬಾಣ ಎಳೆದುಬಿಟ್ಟರೆ ಅರ್ಧ ಮುಗಿದಂತೆಯೇ ಎಂದು ಗೋಕಾಕದ ಕಾಲೇಜೊಂದರಲ್ಲಿ ಇಷ್ಟು ವರ್ಷ ಪಾಠ ಹೇಳಿಕೊಂಡು ಬಂದವನು ನಾನು. ನನ್ನ ಪಿಎಚ್.ಡಿ. ಕೂಡ ಅದರ ಮೇಲೆಯೇ: ಬೋಧನೆ ಮತ್ತು ಸಂಶೋಧನೆಯಲ್ಲಿ ಫ್ಲೋಚಾರ್ಟಿನ ಬಳಕೆ! ನನ್ನ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿಗಳು ಚಾರ್ಟ್ ಇಲ್ಲದೆ ನನ್ನ ಕೋಣೆಗೆ ಕಾಲಿಡುವಂತಿಲ್ಲ. ಒಬ್ಬ ತನ್ನ ಮದುವೆಯ ರಜೆ ಕೇಳಲೂ ಚಾರ್ಟ್ ಬರೆದು ತಂದಿದ್ದ. ಅದರಲ್ಲೂ ನಾನು ಒಂದು ಬಾಣ ತಿದ್ದಿ ಕಳಿಸಿದೆ.

ಮನೆಯಲ್ಲಿ ಮಾತ್ರ ಈ ವಿದ್ಯೆಗೆ ಬೆಲೆ ಇರಲಿಲ್ಲ. ಚಹಾ ಮಾಡುವ ಕ್ರಮವನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದಾಗ ಅವ್ವ ಕನ್ನಡಕ ಏರಿಸಿ ನೋಡಿದಳು. ಹೌದೋ ಅಲ್ಲವೋ ಎಂದು ಕೇಳುವ ಜಾಗದಲ್ಲಿ ಚೌಕವನ್ನು ಮೂಲೆಯ ಮೇಲೆ ನಿಲ್ಲಿಸಿ ಬರೆಯುವುದು ನಮ್ಮ ಶಾಸ್ತ್ರದ ನಿಯಮ. ಅವ್ವನ ಕಣ್ಣು ಅಲ್ಲಿಗೇ ಬಿತ್ತು.

"ಇದೇನೋ, ಚಾದ ಸಂಗಾಟ ಶಂಕರಪೋಳಿ ಬರದೀಯಲ್ಲ?"

"ಕರದ ತಿನ್ನೂ ಶಂಕರಪೋಳಿ ಅಲ್ಲಬೇ, ಅದು ನಿರ್ಣಯ. ಸಕ್ಕರಿ ಐತೇನು? ಹೌದಂದ್ರ ಈ ಕಡೆ, ಇಲ್ಲಂದ್ರ ಆ ಕಡೆ."

"ಸಕ್ಕರಿ ಇಲ್ಲಂದ್ರ ಬಾಜೂ ಮನ್ಯಾಗ ಇಸಗೊಂಡ ಬರೂದಪಾ. ಅದಕ್ಕೇನ ನಿರ್ಣಯ!"

ನನ್ನ ಹೆಂಡತಿ ಶೈಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅತ್ತೆ-ಸೊಸೆ ಒಂದಾಗುತ್ತಿದ್ದದ್ದು ನನ್ನ ಚಾರ್ಟಿನ ವಿಷಯದಲ್ಲಿ ಮಾತ್ರ.

ಆ ಅವ್ವ ಈ ಸಲ ಸುಗ್ಗಿ ಮುಗಿಯುವ ಹೊತ್ತಿಗೆ, ಒಂದು ಬೆಳಿಗ್ಗೆ, ಚಹಾ ಕುಡಿದು ಕಪ್ಪು ಕೆಳಗಿಟ್ಟು ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ.

ನನಗೆ ಕೈಕಾಲೇ ಆಡಲಿಲ್ಲ. ಅಳು ಬರಬೇಕಿತ್ತು, ಅದೂ ಬರಲಿಲ್ಲ. ಏನು ಮಾಡಬೇಕೆಂದು ತಿಳಿಯದಾದಾಗ ನನಗೆ ತಿಳಿದಿರುವುದು ಒಂದೇ. ಹಾಳೆ ತೆಗೆದುಕೊಂಡು ಕೂತೆ.

"ಏನ್ ಮಾಡಾಕತ್ತೀರಿ ನೀವು?" ಎಂದಳು ಶೈಲಾ, ಅಳುತ್ತಲೇ.

"ಮಂದಿಗೆ ಸುದ್ದಿ ಮುಟ್ಟಸಬೇಕಲ್ಲ. ಯಾರು ಯಾರಿಗೆ ಫೋನ್ ಹಚ್ಚಬೇಕಂತ ಬರ್ಯಾಕತ್ತೇನಿ."

ಆಕೆ ನನ್ನ ಮುಖವನ್ನೇ ನೋಡಿದಳು.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಎಲ್ಲರೂ ಎಲ್ಲರಿಗೂ ಫೋನ್ ಮಾಡುತ್ತಾರೆ. ಒಂದೇ ಸುದ್ದಿ ಒಬ್ಬನೇ ಮನುಷ್ಯನಿಗೆ ಹತ್ತು ಕಡೆಯಿಂದ ಬರುತ್ತದೆ. ಅವನು ಹತ್ತು ಸಲವೂ ಹೊಸದಾಗಿ ಅಳಬೇಕಾಗುತ್ತದೆ. ಈ ಅವ್ಯವಸ್ಥೆಯನ್ನು ನಾನು ಒಂದೇ ಹಾಳೆಯಲ್ಲಿ ನಿವಾರಿಸಿದೆ. ಹುಕ್ಕೇರಿ ಕಡೆಯವರಿಗೆಲ್ಲ ಅಲ್ಲಿರುವ ನನ್ನ ಅಕ್ಕ ಹೇಳಬೇಕು. ಮೂಡಲಗಿಯ ಮಾವನಿಗೆ, ಕೌಜಲಗಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಶಿವಪುತ್ರ ಹೇಳಬೇಕು. ಚಾರ್ಟಿನ ಫೋಟೋ ತೆಗೆದು ಮನೆತನದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸೂಚನೆ: ತಮ್ಮ ಬಾಣ ಬಿಟ್ಟು ಬೇರೆ ಕಡೆ ಯಾರೂ ಫೋನ್ ಮಾಡಕೂಡದು!

ಮೂಡಲಗಿಯ ಮಾವ ಎಂದರೆ ಅವ್ವನ ಒಬ್ಬನೇ ತಮ್ಮ. ಅವನ ಹತ್ತಿರ ಇರುವುದು ಬಟನ್ ಫೋನು, ಗುಂಪಿನಲ್ಲಿ ಅವನಿಲ್ಲ. ಹೆಣ್ಣುಮಗಳು ತೀರಿಕೊಂಡರೆ ತವರಿನವರು ಬಂದು ಮುಖ ನೋಡಿ, ತಾವು ತಂದ ಸೀರೆ ಹೊದಿಸಿದ ಮೇಲೆಯೇ ಎತ್ತುವುದು ನಮ್ಮ ಪದ್ಧತಿ. ಅದು ನನಗೂ ಗೊತ್ತಿತ್ತು. ಅದಕ್ಕೇ ಮಾವನ ಚೌಕಕ್ಕೆ ಎರಡು ಗೆರೆ ಹಾಕಿದ್ದೆ.

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಹುಕ್ಕೇರಿಯಿಂದ ಅಕ್ಕ ಬಂದವಳೇ ಅವ್ವನ ಮೇಲೆ ಬಿದ್ದು ಅತ್ತಳು. ಆಮೇಲೆ ತಲೆ ಎತ್ತಿ ಕೇಳಿದಳು.

"ತಮ್ಮಾ, ಮಾವ ಎಲ್ಲೋ?"

"ಬರತಾನ. ಶಿವಪುತ್ರ ಹೇಳತಾನ."

"ನಾನ ಹಚ್ಚಬೇಕಂತ ಮಾಡಿದ್ನಿ. ನೀ ಬ್ಯಾಡ ಅಂತ ಬರದಿದ್ದಿ."

ಶಿವಪುತ್ರನಿಗೆ ಫೋನ್ ಮಾಡಿದೆ. ಎಂಗೇಜ್! ಸ್ವಲ್ಪ ಬಿಟ್ಟು ಮಾಡಿದೆ. ಮತ್ತೆ ಎಂಗೇಜ್! ನನಗೆ ಸಮಾಧಾನವಾಯಿತು. ಕೆಲಸ ನಡೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

"ಯಾರನ್ನರ ಗಾಡಿ ಮ್ಯಾಲ ಮೂಡಲಗಿಗೆ ಕಳಸ್ರಿ," ಎಂದಳು ಶೈಲಾ.

"ಬಾಣ ಹೋಗೇತಿ. ಮತ್ಯಾಕ ಡಬಲ್ ಕೆಲಸ?" ಎಂದೆ.

ಹೊತ್ತು ಇಳಿಯತೊಡಗಿತು. ಓಣಿಯ ಹಿರಿಯ ಬಾಳಪ್ಪ ಕಾಕಾ ಎರಡು ಸಲ ಬಾಗಿಲಿಗೆ ಬಂದು ರಸ್ತೆ ನೋಡಿ ಹೋದ. ಮೂರನೆಯ ಸಲ ನನ್ನ ಹೆಗಲ ಮೇಲೆ ಕೈ ಇಟ್ಟ.

"ಮಾಸ್ತರ, ಹೊತ್ತ ಮುಳುಗೂದ್ರಾಗ ಮಣ್ಣ ಆಗಬೇಕು. ಇನ್ನ ಇಡಾಕ ಬರೂದಿಲ್ಲ."

"ತವರಿನ ಸೀರಿ, ಕಾಕಾ?"

"ನಮ್ಮ ಓಣ್ಯಾಗ ಮೂಡಲಗಿ ಮಗಳ ಒಬ್ಬಾಕಿ ಅದಾಳಲ್ಲ. ಆಕಿ ಹಾಕ್ಲಿ. ಅದ ಊರಿನಾಕಿ, ಅಷ್ಟ ಸಮಾಧಾನ."

ಪೇಟೆಯಿಂದ ಯಾರೋ ಅವಸರಕ್ಕೆ ತಂದ ಸೀರೆಯನ್ನು, ಅವ್ವನಿಗೆ ಏನೂ ಆಗಬೇಕಾಗಿರದ ಆ ಹೆಣ್ಣುಮಗಳು ಹೊದಿಸಿದಳು. ಹೊದಿಸುವಾಗ ನನ್ನ ಕಡೆ ಒಮ್ಮೆ ನೋಡಿದಳು. ನಾನು ಬೇರೆ ಕಡೆ ನೋಡಿದೆ. ಅವ್ವನನ್ನು ಎತ್ತಿದೆವು.

ಮಣ್ಣು ಕೊಟ್ಟು ಬಂದು, ಮೈತೊಳೆದು ಅಂಗಳದಲ್ಲಿ ಕೂತಿದ್ದಾಗ ಶಿವಪುತ್ರನ ಮೋಟಾರ್ ಸೈಕಲ್ ಬಂದು ನಿಂತಿತು. ಹಿಂದೆ ಮಾವ. ಬಗಲಲ್ಲಿ ಇಳಕಲ್ ಸೀರೆ. ಇಳಿದವನೇ ಅಂಗಳ ನೋಡಿದ, ಬಾಗಿಲು ನೋಡಿದ.

"ಯಕ್ಕ ಎಲ್ಲಿ?"

ತೊಳೆದ ಅಂಗಳವನ್ನು ನೋಡಿಯೇ ಅವನಿಗೆ ತಿಳಿಯಿತು. ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಸೀರೆಯನ್ನು ಮಾತ್ರ ಕೆಳಗಿಡಲಿಲ್ಲ.

ನಾನು ಶಿವಪುತ್ರನನ್ನು ಗೋಡೆಯ ಮರೆಗೆ ಎಳೆದುಕೊಂಡು ಹೋದೆ.

"ಏನ್ ಮಾಡಾಕತ್ತಿದ್ದೆಲೇ ಮುಂಜಾನಿಯಿಂದ?"

"ನೀ ಬರದಂಗ ಮಾಡೀನಿ ಅಣ್ಣಾ. ಎತ್ತಲಿಲ್ಲಂದ್ರ ತಿರುಗಿ ಹಚ್ಚು ಅಂತ ಶಂಕರಪೋಳಿ ಒಳಗ ಬರದಿದ್ದಿ. ಹಚ್ಚಿದ್ನಿ. ಎತ್ತಲಿಲ್ಲ. ತಿರುಗಿ ಹಚ್ಚಿದ್ನಿ. ಒತ್ತಿ ಒತ್ತಿ ಕೈಬಳ್ಳ ನೋಡು, ಹೆಂಗ ಬಾತೈತಿ!"

"ಗಾಡಿ ಇತ್ತಲ್ಲೋ! ಹೋಗಿ ಹೇಳಬಾರದೇನು?"

"ಗಾಡಿ ಚಾರ್ಟಿನ್ಯಾಗ ಇರಲಿಲ್ಲಲ್ಲ ಅಣ್ಣಾ!"

ಅವನು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ನನ್ನ ಪಾಠವನ್ನು ನಿಜವಾಗಿ ಕಲಿತವನು ಅವನೊಬ್ಬನೇ ಎಂದು ಆ ಸಂಜೆ ಗೊತ್ತಾಯಿತು. ಮಾವ ಫೋನನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ, ಬಾಗಿಲಿಗೆ ಕೀಲಿ ಹಾಕಿ ಹೊಲಕ್ಕೆ ಹೋಗಿದ್ದನಂತೆ. ಮಧ್ಯಾಹ್ನ ಬಂದು ನೋಡಿದರೆ ಫೋನಿನ ತುಂಬ ಶಿವಪುತ್ರನ ಹೆಸರು. ಗಾಬರಿಯಾಗಿ ತಿರುಗಿ ಮಾಡಿದ. ಎಂಗೇಜ್! ಯಾಕೆಂದರೆ ಶಿವಪುತ್ರ ಇವನಿಗೇ ಮಾಡುತ್ತಿದ್ದ! ಇವನು ಅವನಿಗೆ, ಅವನು ಇವನಿಗೆ, ಒಂದೇ ಹೊತ್ತಿಗೆ. ಕೊನೆಗೆ ಶಿವಪುತ್ರ ನೀರು ಕುಡಿಯಲೆಂದು ಫೋನ್ ಕೆಳಗಿಟ್ಟ. ಆಗ ಮಾವನ ಫೋನ್ ಹತ್ತಿತು.

ಹೊರಬರುವ ದಾರಿಯೇ ಇಲ್ಲದ ಸುತ್ತು. ಮೊದಲ ವರ್ಷದ ಹುಡುಗರು ಈ ತಪ್ಪು ಮಾಡಿದರೆ ನಾನು ಸೊನ್ನೆ ಕೊಡುತ್ತೇನೆ. ಕೊಟ್ಟು, ಇಡೀ ತರಗತಿಯ ಮುಂದೆ ನಗುತ್ತೇನೆ.

ಮರುದಿನ ಬೆಳಿಗ್ಗೆ ಮಾವ ಎದ್ದು ಬಂದು, "ಯಕ್ಕನ ಹಂತ್ಯಾಕ ಕರಕೊಂಡ ನಡಿ," ಎಂದ. ಇಬ್ಬರೇ ಹೋದೆವು. ಹಸಿ ಮಣ್ಣಿನ ಮೇಲೆ ಸೀರೆ ಹಾಸಲು ಹೋದರೆ ಗಾಳಿ ಬಿಡಲಿಲ್ಲ. "ಆ ಕಡೆ ಹಿಡಿ," ಎಂದ. ಹಿಡಿದೆ. "ಕಲ್ಲ ಇಡು," ಎಂದ. ಇಟ್ಟೆ. ಆಮೇಲೆ ಅವನು ಮಣ್ಣಿನ ಪಕ್ಕ ಕೂತು, ಪಡಸಾಲೆಯಲ್ಲಿ ಅಕ್ಕನೊಂದಿಗೆ ಮಾತಾಡುವವನಂತೆ ಶುರು ಮಾಡಿದ.

"ಯಕ್ಕಾ, ಸಿಟ್ಟಾಗಬ್ಯಾಡ. ಮುಖ ನೋಡಾಕ ಆಗಲಿಲ್ಲ. ಫೋನ್ ಮನ್ಯಾಗ ಬಿಟ್ಟ ಹೋಗಿದ್ನಿ, ತಪ್ಪ ನಂದ. ನಿನ್ನ ಮಗ ಎಲ್ಲಾ ಬರೋಬ್ಬರಿ ಮಾಡಿದ್ದ. ಭಾಳ ಶಾಣ್ಯಾ ಅದಾನ ನಿನ್ನ ಮಗ."

ಅವನ ದನಿಯಲ್ಲಿ ಕುಹಕ ಇರಲಿಲ್ಲ. ಖರೆ ಖರೆ ನಂಬಿ ಹೇಳಿದ. ಇಲ್ಲ ಮಾವಾ, ತಪ್ಪು ನಂದು ಎನ್ನಬೇಕೆಂದು ಬಾಯಿ ತೆರೆದೆ. ಮಾತಿನ ಬದಲು ಅಳು ಬಂತು, ಹಿಂದಿನ ದಿನ ಇಡೀ ಬಾರದ್ದು, ತಡೆಯಲಾಗದಷ್ಟು.

ಮಾವ ನನ್ನ ಬೆನ್ನ ಮೇಲೆ ಕೈಯಾಡಿಸಿದ. "ಅಳಬ್ಯಾಡೋ ಹುಚ್ಚಾ. ಅವ್ವ ಅನ್ನಾಕಿ ಯಾರಿಗೂ ಕಡೀತನಕಾ ಇರೂದಿಲ್ಲ."

ನಾನು ಅವ್ವನಿಗಾಗಿ ಅಳುತ್ತಿದ್ದೇನೆ ಎಂದುಕೊಂಡಿದ್ದ, ಪಾಪ. ಹಾಗೆಯೇ ಅಂದುಕೊಳ್ಳಲಿ ಎಂದು ಬಿಟ್ಟೆ. ಅಷ್ಟು ಶಾಣ್ಯಾತನ ನನ್ನಲ್ಲಿತ್ತು.