ಗುಂಟೂರು ಮೆಣಸಿನಕಾಯಿ ಮತ್ತು ನನ್ನ ಹಾರ್ಡ್ ರಾಕ್

"ಹಾಡುವವನ ಗಂಟಲ ಕಟ್ಟಿದ್ರ ಏನಾತು? ಮನ್ಯಾಗ ಗಂಧರ್ವ ಅದಾನ!" ಎಂದು ನಾನು ಎದೆಯುಬ್ಬಿಸಿ ಘೋಷಿಸಿದೆ. ಕೊತ್ತಂಬರಿ ಸೋಸುತ್ತಿದ್ದ ನನ್ನ ಹೆಂಡತಿ ಸಾವಿತ್ರಿ ತಲೆಯೆತ್ತಿ, "ಎಲ್ಲಿ ಅದಾನ್ರಿ?" ಎಂದು ನಿಜವಾಗಿಯೂ ಸುತ್ತ ನೋಡಿದಳು.

ಆಗಿದ್ದಿಷ್ಟೇ. ನಮ್ಮ ಮಗಳು ದೀಪ್ತಿ ಆಫೀಸಿನ ಗೆಳೆಯರ ಜೊತೆ ಹಾರ್ಡ್ ರಾಕ್ ತಂಡ ಕಟ್ಟಿದ್ದಾಳೆ. ಗಿಟಾರು ಅವಳದು, ಡ್ರಮ್ಮು ವಿಶ್ವಜಿತನದು. ತಾವೇ ಬರೆದ ಕನ್ನಡ ಹಾಡಿನ ವಿಡಿಯೋವನ್ನು ಭಾನುವಾರ ಸಂಜೆಯೊಳಗೆ ಸ್ಪರ್ಧೆಗೆ ಕಳಿಸಬೇಕು. ಹಾಡಬೇಕಾದ ಮಿಲಿಂದನ ಗಂಟಲು ಶನಿವಾರವೇ ಕಟ್ಟಿತು! ಮಗಳು ಗಿಟಾರನ್ನು ಮಡಿಲಲ್ಲಿಟ್ಟುಕೊಂಡು ಸಪ್ಪಗೆ ಕೂತಿದ್ದಳು. ಆ ಮುಖ ನನ್ನಿಂದ ನೋಡಲಾಗಲಿಲ್ಲ.

ನನ್ನ ಧೈರ್ಯಕ್ಕೆ ಕಾರಣವಿತ್ತು. ದಿನಾ ಬೆಳಿಗ್ಗೆ ಈ ತೆಲುಗು ನಾಡಿನ ಮಿಯಾಪುರದ ಮನೆಯಿಂದ ಆಫೀಸಿಗೆ ಹೊರಡುವ ಮೊದಲು ಅವ್ವನ ಮಂಚದೆದುರು ಕೂತು ದೇವರನಾಮ ಹಾಡುತ್ತೇನೆ. ಅವ್ವ ನನ್ನ ಮುಖವನ್ನೇ ನೋಡುತ್ತ ತಲೆಯಾಡಿಸುತ್ತಾಳೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಅವಳಿಗೆ ಕರೆಗಂಟೆ ಕೇಳಿಸದು, ಕುಕ್ಕರಿನ ಸೀಟಿ ಕೇಳಿಸದು. ನನ್ನ ಹಾಡು ಮಾತ್ರ ನೇರ ಹೃದಯಕ್ಕೆ! ಕಲೆಯ ಮಹಿಮೆ ಎಂದರೆ ಇದಲ್ಲವೇ?

ತಾಲೀಮು ಶುರುವಾಯಿತು. "ಸಿಡಿಲೇ ಬಾ, ಬಂಡೆ ಸೀಳು ಬಾ" ಎಂದು ನಾನು ಕಣ್ಣು ಮುಚ್ಚಿ ಆಲಾಪ ತೆಗೆದೆ. ಡ್ರಮ್ಮು ನಿಂತಿತು.

"ಅಂಕಲ್, ಸಿಡಿಲನ್ನ ಊಟಕ್ಕ ಕರದಂಗಾತ್ರಿ" ಎಂದ ವಿಶ್ವಜಿತ್.

"ಅಪ್ಪಾ, ಗಂಟಲ ಹರಿಯೂವಂಗ ಒದರಬೇಕು. ಸಿಟ್ಟು ಬರಬೇಕು" ಎಂದಳು ದೀಪ್ತಿ.

"ನನಗ ಸಿಟ್ಟೇ ಬರಂಗಿಲ್ಲಲ್ಲವಾ!"

"ಹೌದೇನ್ರಿ? ಮುಂಜಾನೆ ಟವೆಲ್ ಸಿಗಲಿಲ್ಲಂದ್ರ ಒದರೂದು ಯಾರು?" ಅಡುಗೆಮನೆಯಿಂದ ಬಾಣ ಬಂತು.

ಭಾನುವಾರ ಮಧ್ಯಾಹ್ನ ಎಲ್ಲರೂ ಅಪಾರ್ಟ್‌ಮೆಂಟಿನ ತಾರಸಿ ಹತ್ತಿದೆವು. ಹಾಡು, ಚಿತ್ರೀಕರಣ ಎರಡೂ ಒಟ್ಟಿಗೇ. ಕ್ಯಾಮೆರಾ ಹಿಡಿದವನು ಗಂಟಲು ಕಟ್ಟಿದ ಮಿಲಿಂದ. ಅವನ ಕರಿ ಅಂಗಿ ನನ್ನ ಹೊಟ್ಟೆಯನ್ನು ಅರ್ಧ ಮಾತ್ರ ಒಪ್ಪಿಕೊಂಡಿತು. ಸಾವಿತ್ರಿ ನಗು ತಡೆದುಕೊಂಡು ನನ್ನ ಕಣ್ಣಿಗೆ ದಪ್ಪಗೆ ಕಾಡಿಗೆ ತೀಡಿದಳು. ಹೊಗೆ ಬೇಕಿತ್ತು, ಯಂತ್ರ ಸಿಕ್ಕಿರಲಿಲ್ಲ. ನನಗೆ ತಲೆ ಇಲ್ಲವೇ? ದೀಪ್ತಿ ಹುಟ್ಟಿದಾಗ ಬಾಣಂತಿಗೆ ಕಾಸಲು ತಂದ ಶೇಗಡಿ ಅಟ್ಟದ ಮೇಲಿತ್ತು. ಕೆಂಡ ತುಂಬಿ ಲೋಬಾನ ಹಾಕಿದೆ. ಆಹಾ, ಮೋಡಗಳ ನಡುವೆ ಇಂದ್ರನಂತೆ ನಿಂತೆ!

ಕುರ್ಚಿಯ ಮೇಲೆ ಕೂತು ನೋಡುತ್ತಿದ್ದ ಅವ್ವನಿಗೂ ಹಾಗೇ ಕಂಡೆನೇನೋ. "ಯವ್ವಾ, ನನ್ನ ಮಗ ಮದಿಮಗ ಕಂಡಂಗ ಕಾಣಾಕತ್ತಾನ! ಸುತ್ತ ಮಂದಿ ಎಲ್ಲಾ ಕಿಟಕ್ಯಾಗ ನಿಂತು ನೋಡಾಕತ್ತೈತಿ. ದೃಷ್ಟಿ ಆಗತೈತಿ!" ಎಂದು ಮೆಲ್ಲಗೆ ಕೆಳಗೆ ಹೋದಳು. ಹಾಡು ಶುರುವಾಗುವ ಹೊತ್ತಿಗೆ ಮೇಲೆ ಬಂದು, ಒಣಮೆಣಸಿನಕಾಯಿ, ಉಪ್ಪು ಹಿಡಿಗಟ್ಟಲೆ ನನಗೆ ನಿವಾಳಿಸಿ, ಶೇಗಡಿಗೆ ಸುರಿದಳು!

ಬ್ಯಾಡಗಿಯಾಗಿದ್ದರೆ ಬದುಕುತ್ತಿದ್ದೆವು. ಅದು ಗುಂಟೂರು!

ನನ್ನ ಗಂಟಲಿಗೆ ಬೆಂಕಿ ಬಿತ್ತು. "ಸಿಡಿಲೇ" ಎನ್ನಲು ಹೋದರೆ ಹುಲಿಯ ಗರ್ಜನೆ ಬಂತು. ಕೆಮ್ಮಿದೆ, ಕಿರುಚಿದೆ, ತಾರಸಿಯ ತುಂಬ ಕುಣಿದೆ. ಕಾಡಿಗೆ ಗಲ್ಲದ ಮೇಲೆ ಹರಿಯಿತು. ಡ್ರಮ್ಮಿನವನು ಕಣ್ಣು ಬಿಡಲಾಗದೆ ಸಿಕ್ಕಲ್ಲೆಲ್ಲ ಬಡಿದ. ಕೆಳಗಿನ ಮನೆಯ ತೆಲುಗಿನಾಕೆ ಏನಾಯಿತೆಂದು ಓಡಿ ಬಂದು, "ಏಮೈಂದಂಡೀ? ಫೈರಾ?" ಎಂದು ಗಾಬರಿಯಾದಳು. ಸಾವಿತ್ರಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡೇ, "ಫೈರ್ ಕಾದಂಡೀ, ಮ್ಯೂಸಿಕ್!" ಎಂದು ತೆಲುಗಿನಲ್ಲೇ ಬೆಂಕಿಯಲ್ಲವೆಂದಳು. ಇಷ್ಟರ ನಡುವೆ ಗಿಟಾರು ಬಿಡದ ಮಗಳ ಕೂಗು: "ಮಿಲಿಂದ್, ಕ್ಯಾಮೆರಾ ಬಂದ್ ಮಾಡಬ್ಯಾಡ! ಅಪ್ಪಾ, ಇದ ದನಿ! ಇದ ಬೇಕಿತ್ತು!"

ಸಂಜೆಗೆ ಮುಂಚೆ ವಿಡಿಯೋ ಹೋಯಿತು. ಮಗಳು ನನ್ನ ಕೊರಳಿಗೆ ಜೋತುಬಿದ್ದಳು. ಅದಕ್ಕಿಂತ ದೊಡ್ಡ ಬಹುಮಾನ ನನಗೆ ಬೇಕಿರಲಿಲ್ಲ.

ಟೀವಿಗೆ ದೊಡ್ಡ ಸ್ಪೀಕರ್ ಜೋಡಿಸಿ ಎಲ್ಲರೂ ನೋಡಿದೆವು. ಅವ್ವ ಸ್ಪೀಕರಿಗೆ ಆತುಕೊಂಡೇ ಕೂತಿದ್ದಳು. ನನ್ನ ಗರ್ಜನೆ ಬಂದಾಗ ಬೆಚ್ಚಿ ನೆಟ್ಟಗಾದಳು. ಕಣ್ಣು ತುಂಬಿದವು. ನನ್ನ ಗದ್ದ ಹಿಡಿದು, ಚಿಕ್ಕಂದಿನ ಹೆಸರಿನಿಂದ ಕರೆದು, "ಪ್ರಾಣ್ಯಾ, ಎಷ್ಟು ವರ್ಷಾತೋ ನಿನ್ನ ದನಿ ಕೇಳಿ!" ಎಂದಳು.

"ದಿನಾ ಮುಂಜಾನೆ ಹಾಡತೀನಲ್ಲವ್ವಾ!" ಎಂದು ಅವಳ ಕಿವಿಯಲ್ಲಿ ಕೂಗಿದೆ.

"ಅದು ಹಾಡೇನೋ? ಬಾಯಿ ತೆಗೆದು ತೆಗೆದು ಆಕಳಸ್ತಿದ್ದಿ. ನನ್ನ ಮಗಗ ನಿದ್ದಿ ಇಲ್ಲಂತ ನಾ ಅಳತಿದ್ದೆ!"

ಸಾವಿತ್ರಿ ನಕ್ಕು ನಕ್ಕು ನೆಲಕ್ಕೆ ಕೂತಳು. ನಾನೂ ನಕ್ಕೆ, ನಗುತ್ತಲೇ ಆ ದೊಡ್ಡ ಸ್ಪೀಕರನ್ನೊಮ್ಮೆ, ಅವ್ವನ ಮಂಚವನ್ನೊಮ್ಮೆ ನೋಡಿದೆ.

ಮರುದಿನ ಬೆಳಿಗ್ಗೆ ದೀಪ್ತಿಯ ಮೈಕು, ಸ್ಪೀಕರನ್ನು ಅವ್ವನ ಮಂಚದ ಪಕ್ಕಕ್ಕೇ ತಂದಿಟ್ಟು, ದೇವರನಾಮವನ್ನು ಮೊದಲಿನಿಂದ ಕೊನೆಯತನಕ ಹಾಡಿದೆ. ಅವ್ವ ಒಂದಕ್ಷರ ಬಿಡದೆ ಕೇಳಿದಳು. ಮುಗಿದ ಮೇಲೆ ನನ್ನ ತಲೆ ಸವರಿ, ಭಾಳ ಅಕ್ಕರೆಯಿಂದ ಹೇಳಿದಳು:

"ಮೊದಲಿನಂಗ ಆಕಳಸಪಾ. ಅದ ಛಲೋ ಇತ್ತು."