ಬೆಕ್ಕಿನ ಮೀಸೆಯೂ ನನ್ನ ಒಂದು ಗಂಟೆಯೂ

ನಮ್ಮ ಯಜಮಾನರು ನಿತ್ಯಾನಂದ, ತಿರುವನಂತಪುರದಲ್ಲಿ ರಾಕೆಟ್ ವಿಜ್ಞಾನಿ. (ರಾಕೆಟ್ ಹಾರಿಸುವವರಿಗೆ ಕುಕ್ಕರಿನ ಸೀಟಿ ಎಣಿಸಲು ಬರುವುದಿಲ್ಲವೆಂಬುದು ಪಟ್ಟಂ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಸಾಬೀತಾದ ಸತ್ಯ.) ಹೋದ ತಿಂಗಳು ಎಲ್ಲಿಂದಲೋ ಒಂದು ಪುರಾತನ ಹರಳು ರೇಡಿಯೊ ಹೊತ್ತು ತಂದರು.

"ಕರೆಂಟ್ ಬೇಡ, ಬ್ಯಾಟರಿ ಬೇಡ ಸುಮಿ! ಗಾಳೀಲಿ ಬರೋ ಅಲೆಯ ಶಕ್ತಿಯಲ್ಲೇ ಹಾಡುತ್ತೆ."

"ಏನೂ ಕೊಡದಿದ್ರೂ ದುಡಿಯೋಳು ಈ ಮನೇಲಿ ನಾನೊಬ್ಬಳೇ ಅಂದ್ಕೊಂಡಿದ್ದೆ," ಎಂದೆ.

ಬಾಲ್ಕನಿಯಲ್ಲಿ ಬಟ್ಟೆಹಗ್ಗದ ಜಾಗಕ್ಕೆ ಆಂಟೆನಾ ತಂತಿ ಬಂತು. ಅಡುಗೆಮನೆಯ ನಲ್ಲಿಗೆ ಅರ್ತ್ ತಂತಿ. ತಾಮ್ರದ ಸುರುಳಿಯ ಮೇಲಿನ ಗುಂಡಿಯನ್ನು ಸರಿಸಿ ಸ್ಟೇಷನ್ ಹಿಡಿಯಬೇಕು. ಆಮೇಲೆ ಕಡಲೆಕಾಳಿನಷ್ಟು ಹರಳನ್ನು 'ಬೆಕ್ಕಿನ ಮೀಸೆ' ಎಂಬ ಕೂದಲೆಳೆಯ ತಂತಿಯಿಂದ ತಡಕಿ, ಅಲೆಯನ್ನು ಸದ್ದಾಗಿಸುವ ಚುಕ್ಕೆ ಹುಡುಕಬೇಕು. ಯಾರಾದರೂ ದಡದಡ ನಡೆದರೆ ಮೀಸೆ ಜಾರುತ್ತದೆ. ಮಿಕ್ಸಿ ಹಾಕಿದರೆ ಕಿವಿಯಲ್ಲಿ ಬರೀ ಗರಗರ.

ಅಂದರೆ ರೇಡಿಯೊ ಮುಂದೆ ಕೂತವರನ್ನು ಯಾರೂ ಏಳಿಸುವಂತಿಲ್ಲ! ಬ್ಯಾಂಕಿನಿಂದ ಬಂದವಳೇ ಒಲೆ ಹಚ್ಚುವ ನನಗೆ ಜ್ಞಾನೋದಯವಾಯಿತು. ಮರುದಿನ ಸಂಜೆ ಹೆಡ್‌ಫೋನ್ ನಾನೇ ಏರಿಸಿಕೊಂಡೆ. ಏನೂ ಕೇಳಿಸಲಿಲ್ಲ. ಕಣ್ಣುಮುಚ್ಚಿ ತಲೆದೂಗಿದೆ.

"ಸಿಕ್ತಾ?"

"ಶ್! ವಾರ್ತೆ ಬರ್ತಿದೆ."

ಮಗಳು ಧನಶ್ರೀ, "ಅಮ್ಮೇ, ವಿಶಕ್ಕುನ್ನು," ಎಂದು ರಾಗ ಎಳೆದಳು. (ಹಸಿವಾದರೆ ಅವಳಿಗೆ ಬರುವುದು ಮಲಯಾಳ ಮಾತ್ರ.)

"ಅಮ್ಮನ್ನ ಅಲ್ಲಾಡಿಸ್ಬೇಡ ಪುಟ್ಟಿ, ಮೀಸೆ ಜಾರುತ್ತೆ," ಎಂದು ಅವಳಪ್ಪ ತುದಿಗಾಲಲ್ಲಿ ನಡೆದುಹೋಗಿ ಸೌಟು ಹಿಡಿದರು. ವಾರದೊಳಗೆ ಬಟ್ಟೆ ಒಗೆಯುವ ಕೆಲಸವೂ ಅವರ ಪಾಲಿಗೆ ಬಂತು. ನಾನು ದಿನಾ ಒಂದು ಗಂಟೆ ಕಾಲು ಚಾಚಿ, ಏನೂ ಕೇಳದೆ ಕೂರುತ್ತಿದ್ದೆ. ಎಂಥ ಮಧುರ ಕಾರ್ಯಕ್ರಮ!

ಶನಿವಾರ ಬಾಲ್ಕನಿಯಿಂದ ಕೂಗು ಬಂತು. "ಸುಮೀ! ಬೆಡ್‌ಶೀಟ್ ಹರವೋಕೆ ಸೋಮವಾರ ಆಂಟೆನಾ ಬಿಚ್ಚಿದ್ದೆ. ಮತ್ತೆ ಕಟ್ಟೇ ಇಲ್ಲ! ನೀನು ದಿನಾ ವಾರ್ತೆ ಕೇಳಿದೀಯಲ್ಲ?"

ಸಿಕ್ಕಿಬಿದ್ದೆ ಎಂದುಕೊಂಡು ನೋಡಿದರೆ ಮಹಾನುಭಾವರ ಕಣ್ಣಲ್ಲಿ ಆನಂದಬಾಷ್ಪ.

"ಆಂಟೆನಾ ಇಲ್ದೆ ಕೇಳೋ ಕಿವಿ! ಆಫೀಸ್ ಗ್ರೂಪಿಗೆ ಆಗ್ಲೇ ಮೆಸೇಜ್ ಹಾಕ್ಬಿಟ್ಟೆ. ನಮ್ಮ ಬಾಸ್ ಪ್ರಮೋದ್ ಸಾರ್ ನಾಳೆ ಮೀಟರ್ ತಗೊಂಡು ಪರೀಕ್ಷೆ ಮಾಡೋಕೆ ಬರ್ತಾರಂತೆ. ಒಟ್ಟು ಹತ್ತು ಜನ, ಊಟ ನಮ್ಮಲ್ಲೇ. ನೀನು ಸುಮ್ನೆ ಕೂತು ಕೇಳಿದ್ರೆ ಸಾಕು. ಅಡುಗೆಯೆಲ್ಲಾ ನಾನು ಮಾಡ್ತೀನಿ."

ಅಡುಗೆಯೆಲ್ಲಾ ನಾನು ಮಾಡ್ತೀನಿ! ಮದುವೆಯಾದಾಗಿನಿಂದ ಈ ಒಂದು ವಾಕ್ಯಕ್ಕಾಗಿ ನಾನು ಕಾದಿದ್ದೆ.

"ಛೆ ಛೆ, ನಿಮ್ಮ ರೇಡಿಯೊ, ನೀವೇ ಕೂತ್ಕೊಳ್ಳಿ," ಎಂದೆ, ದುಪಟ್ಟಾ ಸೊಂಟಕ್ಕೆ ಬಿಗಿಯುತ್ತ. "ಹತ್ತು ಜನ ತಾನೇ? ಅಡುಗೆ ನಾನೇ ಮಾಡ್ತೀನಿ ಬಿಡಿ."