ಅಕ್ಕನ ಅರ್ಧ ಮಾತ್ರೆ

ಕೆಲವರಿಗೆ ಸಿನಿಮಾ ಚಪಲ, ಕೆಲವರಿಗೆ ಮದುವೆ ಊಟದ ಚಪಲ. ನನಗೆ ಮೊದಲಿನಿಂದಲೂ ಡಾಕ್ಟರನ್ನು ಕಾಣುವ ಚಪಲ. ಮೈಸೂರಿನಲ್ಲಿ ನಮ್ಮ ಬೀದಿಯ ಡಾಕ್ಟರು ಸೈಕಲ್ಲಿನಲ್ಲಿ ಮನೆಗೇ ಬರುತ್ತಿದ್ದರು. ಒಂದು ಕೈಯಲ್ಲಿ ಅಮ್ಮ ಕೊಟ್ಟ ಕಾಫಿ, ಇನ್ನೊಂದು ಕೈಯಲ್ಲಿ ನನ್ನ ನಾಡಿ, ಬಾಯಲ್ಲಿ ಅಪ್ಪನ ಜೊತೆ ಕ್ರಿಕೆಟ್ ಮಾತು. ಲೋಟ ಖಾಲಿಯಾಗುವ ಹೊತ್ತಿಗೆ ಕಾಯಿಲೆ ಯಾವುದೆಂದು ಅವರಿಗೆ ತಿಳಿದಿರುತ್ತಿತ್ತು. ಆ ಜ್ವರದ ದಿನಗಳು ಎಷ್ಟು ಚೆನ್ನಾಗಿದ್ದವು! ಬಿಸಿ ಗಂಜಿ, ಮೆಣಸಿನ ಸಾರು, ಶಾಲೆಗೆ ರಜೆ, ನನ್ನನ್ನು ಕಂಡು ಹೊಟ್ಟೆ ಉರಿದುಕೊಂಡು ಶಾಲೆಗೆ ಹೊರಡುವ ವಸಂತಕ್ಕ.

ಆ ವಸಂತಕ್ಕ ಈಗ ಅಮೆರಿಕದವಳು. ಹೋದ ತಿಂಗಳು ನೈರೋಬಿಗೆ ಬಂದು, ಲ್ಯಾವಿಂಗ್ಟನ್ನಿನ ನಮ್ಮ ಮನೆಯಲ್ಲಿ ಎರಡು ವಾರ ಇದ್ದಳು. ನಾನು ಇಂಡಸ್ಟ್ರಿಯಲ್ ಏರಿಯಾದ ಔಷಧ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡಿಕೊಳ್ಳುವ ಮ್ಯಾನೇಜರು. ಮಾತ್ರೆಯ ತೂಕ ಚೂರು ಹೆಚ್ಚುಕಡಿಮೆಯಾದರೂ ಇಡೀ ಬ್ಯಾಚನ್ನೇ ತಡೆದು ಎಲ್ಲರ ಬೈಗುಳ ತಿನ್ನುವವನು. ಅಂಥವನ ಎದುರಿಗೇ ಅಕ್ಕ ತರಕಾರಿ ಚಾಕು ತೆಗೆದುಕೊಂಡು, ತನ್ನ ಬಿಪಿ ಮಾತ್ರೆಯನ್ನು ಎರಡು ತುಂಡು ಮಾಡಿ, ಒಂದನ್ನು ನುಂಗಿ ಇನ್ನೊಂದನ್ನು ಡಬ್ಬಿಗೆ ಹಾಕಿದಳು.

"ಏನಕ್ಕಾ ಇದು?"

"ನಿಮ್ಮ ಭಾವನ ಕೆಲಸ ಬದಲಾಯ್ತಲ್ಲ, ಇನ್ಶೂರೆನ್ಸೂ ಬದಲಾಯ್ತು ಕಣೋ. ಹೊಸ ಚೀಟಿ ಬೇಕು ಅಂದ್ರೆ ಮತ್ತೆ ಡಾಕ್ಟರು, ಮತ್ತೆ ಟೆಸ್ಟು, ಎಲ್ಲಾ ಕೈಯಿಂದ್ಲೇ ಕೊಡ್ಬೇಕು. ಅದಕ್ಕೇ ಇರೋ ಮಾತ್ರೇಲೇ ಎಳೀತಿದ್ದೀನಿ. ಮೆಟ್ಟಿಲು ಹತ್ತೋವಾಗ ಸ್ವಲ್ಪ ತಲೆ ಸುತ್ತತ್ತೆ, ಅಷ್ಟೇ."

ಅಮ್ಮ ಹೋದದ್ದು ಬಿಪಿಯಿಂದಲೇ. ನಾನು "ಏಳು, ಡಾಕ್ಟರ ಹತ್ತಿರ ಹೋಗೋಣ" ಎಂದರೆ, "ಎಷ್ಟಾಗತ್ತೆ ಅಂತ ಮೊದಲು ಫೋನ್ ಮಾಡಿ ಕೇಳು" ಎಂದು ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅಂತೂ ಕಾರು ಹತ್ತಿಸಿದೆ. ಮುಂದೆ ಒಂದು ಮಟಾಟು ವ್ಯಾನು ನಡುರಸ್ತೆಯಲ್ಲೇ ಜನರನ್ನು ಇಳಿಸುತ್ತಿತ್ತು. ಕಾಯುತ್ತಾ ಅಕ್ಕ ತನ್ನ ಕಾಲು ಮುರಿದ ಕಥೆ ಹೇಳಿದಳು. ಹಿಮದಲ್ಲಿ ಜಾರಿ ಬಿದ್ದಾಗ ದಾರಿಹೋಕನೊಬ್ಬ ಫೋನ್ ತೆಗೆದನಂತೆ. ಇವಳು "ಅಯ್ಯೋ" ಅನ್ನುವುದಕ್ಕೂ ಮೊದಲು "ಆಂಬುಲೆನ್ಸ್ ಬೇಡ" ಎಂದು ಕಿರುಚಿದಳಂತೆ! "ಕಾಲು ಮಾತ್ರ ಅದ್ಭುತವಾಗಿ ಕೂಡಿಸಿದ್ರು, ಸುಳ್ಳು ಹೇಳಬಾರ್ದು. ಆದ್ರೆ ಬಿಲ್ಲುಗಳು ತಿಂಗಳುಗಟ್ಟಲೆ ಬಂದ್ವು. ನಾನು ಮುಖಾನೇ ನೋಡದ ಡಾಕ್ಟರ ಹೆಸರಲ್ಲೂ ಬಂತು." ನೈರೋಬಿಯ ದೊಡ್ಡ ಆಸ್ಪತ್ರೆಗಳೂ ಇನ್ಶೂರೆನ್ಸ್ ಕಾರ್ಡು ನೋಡಿದ ಮೇಲೇ ಮುಖ ನೋಡುವುದು, ಆ ವಿಷಯವನ್ನು ನಾನು ಎತ್ತಲಿಲ್ಲ.

ನಾವು ಹೋದದ್ದು ನಮ್ಮ ಮನೆಯವರಿಗೆಲ್ಲ ಪರಿಚಯದ ಸಿಸಿಲಿಯಾ ಡಾಕ್ಟರ ಸಣ್ಣ ಕ್ಲಿನಿಕ್ಕಿಗೆ. ಮಂಗಳೂರಿನಿಂದ ಚಿಕ್ಕ ವಯಸ್ಸಿನಲ್ಲೇ ಬಂದು ಇಲ್ಲೇ ತಲೆ ನರೆಸಿಕೊಂಡವರು. ಅಕ್ಕ ಕೂತೊಡನೆ ಮಣಿಕಟ್ಟು ಹಿಡಿದು, ಊರು ಯಾವುದು, ತಾಯಿಗೆ ಎಂತ ಆಗಿತ್ತು, ನಿದ್ರೆ ಬರುತ್ತದಾ ಎಂದು ನಿಧಾನವಾಗಿ ಕೇಳತೊಡಗಿದರು. ಅಕ್ಕ ಉತ್ತರ ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟಳು. "ಕೈ ಹಿಡಿದು ಮಾತಾಡ್ಸಿ ಎಷ್ಟು ವರ್ಷ ಆಯ್ತು ಡಾಕ್ಟ್ರೇ. ಅಲ್ಲಿ ಕಂಪ್ಯೂಟರ್ ನೋಡ್ಕೊಂಡೇ ಮಾತಾಡ್ತಾರೆ." ಕಾಫಿ ವಾಸನೆಯೊಂದು ಬಿಟ್ಟರೆ ಅದು ನಮ್ಮ ಮೈಸೂರಿನ ನಡುಮನೆಯೇ ಆಗಿತ್ತು.

ಬಿಪಿ ನೋಡಿದ ಮೇಲೆ ಡಾಕ್ಟರ ದನಿ ಬದಲಾಯಿತು. "ಅರ್ಧ ಮಾಡ್ಲಿಕ್ಕೆ ಯಾರು ಹೇಳಿದ್ದು ನಿಮಗೆ? ಮಾತ್ರೆ ಎಂತ ಚಪಾತಿಯಾ, ಹರಿದು ತಿನ್ಲಿಕ್ಕೆ? ಇನ್ನು ಸ್ವಲ್ಪ ದಿನ ಹೀಗೇ ಬಿಟ್ಟಿದ್ರೆ ಬಿದ್ದೇ ಬಿಡ್ತಿದ್ರಿ." ಬೇರೆ ಮಾತ್ರೆ ಬರೆದು, ಊರಿಗೆ ಹೊರಡುವವರೆಗೆ ದಿನಾ ಬಂದು ತೋರಿಸಬೇಕೆಂದರು. ಅಕ್ಕ ಪರ್ಸು ತೆಗೆದರೆ, "ಅದು ಒಳಗಿಡಿ. ಊರಿನವರ ಹತ್ರ ಎಂತ ಫೀಸು" ಎಂದು ಗದರಿದರು.

ನಾನು ಈ ವ್ಯವಸ್ಥೆಯನ್ನೆಲ್ಲ ನಾನೇ ಕಟ್ಟಿ ನಿಲ್ಲಿಸಿದವನ ಹಾಗೆ ಬೀಗುತ್ತಾ ನಿಂತಿದ್ದೆ. "ನೀವೂ ಕೈ ಕೊಡಿ ಒಮ್ಮೆ" ಎಂದರು ಡಾಕ್ಟರು. ಧಾರಾಳವಾಗಿ ಕೊಟ್ಟೆ. ನನ್ನ ಬಿಪಿ ಅಕ್ಕನದಕ್ಕಿಂತ ಮೇಲಿತ್ತು.

ದಾರಿಯುದ್ದಕ್ಕೂ ಅಕ್ಕನಿಗೆ ಗೋಗರೆದೆ: "ಸುಧಾಗೆ ಮಾತ್ರ ಹೇಳ್ಬೇಡ." ಸುಧಾ ನನ್ನ ಹೆಂಡತಿ. ಮನೆ ಸೇರಿದಾಗ ಅವಳು ನನ್ನ ಪ್ರೀತಿಯ ಕೊಡುಬಳೆ ಡಬ್ಬಿಯನ್ನು ಆಗಲೇ ಕಾವಲುಗಾರನ ಕೈಗೆ ಕೊಟ್ಟಾಗಿತ್ತು. ಅವನು "ಅಸಾಂಟೆ, ಅಸಾಂಟೆ" ಎಂದು ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳುತ್ತಾ ನನ್ನ ಕಡೆಗೂ ನಕ್ಕ. ಡಾಕ್ಟರು ಫೋನ್ ಮಾಡಿದ್ದರಂತೆ, ಕಾಳಜಿಯಿಂದ.

ಅಕ್ಕನ ಬಿಪಿ ದಿನೇ ದಿನೇ ಇಳಿಯಿತು. ವಿಮಾನ ಹತ್ತುವ ದಿನ ಇಡೀ ಮಾತ್ರೆಯನ್ನು ನನ್ನೆದುರೇ ನುಂಗಿ ತೋರಿಸಿ, ಉಪ್ಪಿಲ್ಲದ ಸಾರು ಕಲಸುತ್ತಿದ್ದ ನನ್ನನ್ನು ನೋಡಿ ನಕ್ಕಳು: "ನಮ್ಮ ಅಮೆರಿಕದಲ್ಲಿ ಎಷ್ಟೇ ಸುಲಿದ್ರೂ, ಪೇಷೆಂಟನ್ನ ಕೇಳದೆ ಹೆಂಡತಿಗೆ ಹೇಳೋ ಹಾಗಿಲ್ಲ ಕಣೋ. ಅದು ಕಾನೂನು."

ಅಮೆರಿಕದ ವೈದ್ಯಪದ್ಧತಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ.